ಬೆನ್ನ ಮೇಲಿನ ಅಂಗಪ್ಪನ್

ಫುಟ್‌ಬಾಲ್ ಕ್ಲಬ್ಬಿನ ಉಡುಪು ಸಮಿತಿಯ ಮಾನ್ಯ ಅಧ್ಯಕ್ಷರೇ,

ಹೊಸ ಋತುವಿಗೆಂದು ತಾವು ಹೊಲಿಸಿರುವ ಜರ್ಸಿಯಲ್ಲಿ, ನನ್ನ ತಂಗಿ ಸುಬ್ಬಾತಾಳ ಮಗ ಗೋಕುಲನ ಬೆನ್ನ ಮೇಲೆ, ಅವಳನ್ನು ಹೊಡೆದು ಬಿಟ್ಟುಹೋದ ಗಂಡನ ಹೆಸರಿದೆ. ಅದನ್ನು ತೆಗೆಸಿ. ಪತ್ರ ಇಷ್ಟೇ. ಇಲ್ಲಿಂದ ಮುಂದಿನದು ವಿಮರ್ಶೆ. ಉಡುಪಿನ ಬಿಡುಗಡೆಯ ದಿನ ತಾವೇ ವೇದಿಕೆಯ ಮೇಲೆ ನಿಂತು, ಊರಿನವರು ಮುಕ್ತವಾಗಿ ಅಭಿಪ್ರಾಯ ತಿಳಿಸಬೇಕೆಂದು ಕೋರಿದಿರಿ. ಅದು ಶಿಷ್ಟಾಚಾರದ ಕೋರಿಕೆ ಎಂದು ಬಲ್ಲೆ. ಆದರೂ ಕೋರಿದಿರಿ.

ಮೊದಲು ನನ್ನ ಅರ್ಹತೆ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಸಿದ್ಧವಾದ ಮಾಲನ್ನು ಹೊರದೇಶದ ಖರೀದಿದಾರರ ಪರವಾಗಿ ಪರೀಕ್ಷಿಸಿ, ಅದು ಹಡಗು ಹತ್ತಬಹುದೋ ಬಾರದೋ ಎಂದು ಹೇಳುವುದು ನನ್ನ ಕೆಲಸ. ಕೂದಲು ನರೆಯುವಷ್ಟು ಕಾಲದಿಂದ ಹೇಳುತ್ತಿದ್ದೇನೆ. ಹೆಚ್ಚಾಗಿ ಬಾರದು ಎಂದೇ ಹೇಳುತ್ತೇನೆ. ಚಹಾ ಕೊಟ್ಟವರ ಮಾಲನ್ನೂ ತಿರಸ್ಕರಿಸಿದ್ದೇನೆ, ಚಹಾ ಕುಡಿದ ಮೇಲೆ. ಹೀಗಾಗಿ ನನಗೆ ಗೆಳೆಯರು ಕಡಿಮೆ, ಮತ್ತು ಒಂದು ವಸ್ತುವನ್ನು ದ್ವೇಷವಿಲ್ಲದೆ ಬೇಡವೆನ್ನುವ ಅಭ್ಯಾಸ ಹೆಚ್ಚು. ತಮ್ಮ ಜರ್ಸಿಯನ್ನೂ ಹಾಗೆಯೇ ನೋಡಲು ಪ್ರಯತ್ನಿಸಿದೆ. ಬೆನ್ನಿನ ಭಾಗಕ್ಕೆ ಬಂದಾಗ ಸೋತೆ.

ತವರಿನ ಪಂದ್ಯಗಳ ಜರ್ಸಿಯಿಂದ ಶುರು ಮಾಡುತ್ತೇನೆ. ಅರಿಸಿನದ ಬಣ್ಣದ ಮೇಲೆ ಓರೆಯಾದ ಬೂದು ಪಟ್ಟಿಗಳು. ಬೂದು ಪಟ್ಟಿ ಕೊಯಮತ್ತೂರಿನ ಹಳೆಯ ಮಿಲ್ಲುಗಳ ಹೊಗೆಯಂತೆ. ತಮ್ಮ ಕೈಪಿಡಿ ಹಾಗೆನ್ನುತ್ತದೆ. ಮಿಲ್ಲು ಮುಚ್ಚಿ, ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೆ ಹೊಗೆಯನ್ನು ಪ್ರೀತಿಯಿಂದ ನೆನೆಯುವುದು ಸುಲಭ. ಅಪಾರ್ಟ್‌ಮೆಂಟ್ ಕಟ್ಟಿದವರಿಗೆ ಇನ್ನೂ ಸುಲಭ. ಇದನ್ನು ತೊಟ್ಟ ಆಟಗಾರ ದೂರದಿಂದ ಅರ್ಧ ತೊಳೆದು ಬಿಟ್ಟ ಲಾರಿಯ ಟಾರ್ಪಾಲಿನ ಹಾಗೆ ಕಾಣುತ್ತಾನೆ. ಹತ್ತಿರದಿಂದಲೂ ಹಾಗೆಯೇ ಕಾಣುತ್ತಾನೆ.

ಹೊರಗಿನ ಊರುಗಳಲ್ಲಿ ತೊಡುವುದು ಬಿಳಿ. ಎದೆಯ ಅಡ್ಡಕ್ಕೆ ಸಿರುಮುಗೈ ರೇಷ್ಮೆ ಸೀರೆಯ ನವಿಲಿನ ಅಂಚನ್ನು ಅಚ್ಚು ಹಾಕಿಸಿದ್ದೀರಿ. ಸಿರುಮುಗೈಯ ಮಗ್ಗದಲ್ಲಿ ಆ ನವಿಲಿಗೆ ತಲೆ ಮೂಡಬೇಕಾದರೆ ನೇಯುವವರ ಸೊಂಟ ಹೋಗುತ್ತದೆ. ತಮ್ಮ ಜರ್ಸಿಯಲ್ಲಿ ಎದೆಯ ತುಂಡೂ ಬೆನ್ನಿನ ತುಂಡೂ ಸೇರುವ ಪಕ್ಕದ ಹೊಲಿಗೆಗೆ ಸರಿಯಾಗಿ ನವಿಲಿನ ಕುತ್ತಿಗೆ ಸಿಕ್ಕಿದೆ. ತಲೆ ಒಳಗಡೆ ಹೋಗಿ ಕತ್ತರಿಸಿಕೊಂಡಿದೆ. ಅದರ ಕೆಳಗೇ "ನೇಕಾರರಿಗೆ ಗೌರವ" ಎಂದು ಬರೆಸಿದ್ದೀರಿ. ಗೌರವ ಸಲ್ಲಿಸುವ ಕೈಯಲ್ಲಿ ಕತ್ತರಿ ಇರುತ್ತದೆ ಎಂದು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ಉಡುಪನ್ನು ನಾನು ಬೇರೆ ಕಂಡಿಲ್ಲ.

ಮೂರನೆಯದು ನೊಯ್ಯಲ್ ನದಿಗೆ ನಮನ. ನೀಲಿ. ಯಾವ ದಿನದ ನೊಯ್ಯಲ್, ಅಧ್ಯಕ್ಷರೇ? ನಾನು ತಿರುಪ್ಪೂರಿನಲ್ಲಿ ಕೆಲಸಕ್ಕೆ ಸೇರಿದಾಗ, ಬಣ್ಣದ ಮನೆಗಳು ಬೆಳಿಗ್ಗೆ ಏನು ಅದ್ದುತ್ತಿದ್ದವೋ ಸಂಜೆಗೆ ಹೊಳೆ ಅದೇ ಬಣ್ಣ. ಒಂದು ದಿನ ಗುಲಾಬಿ, ಇನ್ನೊಂದು ದಿನ ಎಲೆಹಸಿರು. ನೀಲಿ ಇದ್ದ ದಿನಗಳೂ ಉಂಟು. ಯಾವುದೋ ದೂರದೇಶದಲ್ಲಿ ಶಾಲೆ ತೆರೆಯುವ, ಇಲ್ಲಿ ಆ ಮಕ್ಕಳ ಸಮವಸ್ತ್ರಕ್ಕೆ ಬಣ್ಣ ಹಾಕುವ ಹೊತ್ತು ಅದು. ತಮ್ಮ ನಮನ ಅಷ್ಟರಮಟ್ಟಿಗೆ ಚಾರಿತ್ರಿಕ.

ಇಷ್ಟನ್ನು ನಾನು ಕ್ಷಮಿಸಬಲ್ಲೆ. ಕೆಟ್ಟ ಅಭಿರುಚಿಯಿಂದ ಯಾರೂ ಸಾಯುವುದಿಲ್ಲ. ಸಾಯುವ ಹಾಗಿದ್ದರೆ ತಮ್ಮ ಸಮಿತಿ ಸಭೆ ಸೇರಲು ಜನರಿರುತ್ತಿರಲಿಲ್ಲ. ಈಗ ಬೆನ್ನಿಗೆ ಬರುತ್ತೇನೆ.

ಕಳೆದ ಋತುವಿನವರೆಗೆ ಬೆನ್ನ ಮೇಲೆ ಆಟಗಾರನ ಹೆಸರೇ ಇರುತ್ತಿತ್ತು. ಈ ಸಲ ತಾವು, ಹೊರದೇಶದ ದೊಡ್ಡ ಕ್ಲಬ್ಬುಗಳ ಹಾಗೆ, ಕುಟುಂಬದ ಹೆಸರು ಇರಬೇಕೆಂದು ತೀರ್ಮಾನಿಸಿದಿರಿ. ನಮ್ಮ ಕಡೆ ಕುಟುಂಬದ ಹೆಸರು ಎಂಬುದು ಇಲ್ಲ. ಇರುವುದು ಒಂದೇ ಹೆಸರು, ಅದರ ಮುಂದೆ ಅಪ್ಪನ ಹೆಸರಿನ ಮೊದಲಕ್ಷರ, ಒಂದು ಚುಕ್ಕೆ. ಇದು ತಮಗೂ ಗೊತ್ತು. ತಮ್ಮ ಅಪಾರ್ಟ್‌ಮೆಂಟುಗಳ ಬೋರ್ಡಿನ ಮೇಲೆ ತಮ್ಮ ಹೆಸರೂ ಹಾಗೇ ಇದೆ. ಆದರೂ ಆ ಅಕ್ಷರವನ್ನು ಬಿಡಿಸಿ, ಅಪ್ಪನನ್ನು ಪೂರ್ತಿಯಾಗಿ ಬೆನ್ನಿಗೆ ಹತ್ತಿಸಿದಿರಿ. ಗೋಲ್‌ಕೀಪರ್ ಕಾರ್ತಿಯ ಬೆನ್ನ ಮೇಲೆ ಈಗ ಸುಬ್ಬಯ್ಯನ್. ಅವರು ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು, ಮಂಡಿ ನೋವು. ಮಂಜೇಶನ ಬೆನ್ನ ಮೇಲೆ ಬೆಳ್ಳಿಯಪ್ಪ. ಅವರಿಗೆ ಫುಟ್‌ಬಾಲ್ ಎಂದರೆ ಆಗದು. ಹೀಗೆ ಒಂದು ಇಡೀ ತಂಡದ ಅಪ್ಪಂದಿರು ಈ ಋತುವಿನಲ್ಲಿ ಮೈದಾನಕ್ಕಿಳಿಯುತ್ತಿದ್ದಾರೆ. ದೇಶದಲ್ಲೇ ಅತ್ಯಂತ ವಯಸ್ಸಾದ ತಂಡ ತಮ್ಮದು. ಜನ ನಕ್ಕರು. ನಾನೂ ನಕ್ಕೆ.

ಗೋಕುಲನ ಹೆಸರಿನ ಮುಂದೆ ಒಂದು ಎ ಇತ್ತು. ಅದರ ಹಿಂದೆ ಅಂಗಪ್ಪನ್ ಎಂಬ ಮನುಷ್ಯ ಇದ್ದ. ಗೋಕುಲ ಮೂರನೆಯ ತರಗತಿಯಲ್ಲಿದ್ದಾಗ ಮನೆ ಬಿಟ್ಟು ಹೋದವನು ಅವನು. ಹೋಗುವ ಮೊದಲು ಏನು ಮಾಡಿದ ಎಂಬುದನ್ನು ಸುಬ್ಬಾತಾಳ್ ಯಾರಿಗೂ ಹೇಳಿಲ್ಲ. ಅವಳ ಎಡಗಿವಿ ಕೇಳುವುದಿಲ್ಲ. ಅದು ಹುಟ್ಟಿನಿಂದ ಬಂದದ್ದಲ್ಲ, ಅಷ್ಟು ನನಗೆ ಗೊತ್ತು. ಆಮೇಲೆ ಅವಳು ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸಕ್ಕೆ ಕೂತು ಮಗನನ್ನು ಬೆಳೆಸಿದಳು. ಆ ಮನೆಯಲ್ಲಿ ಬಿಟ್ಟುಹೋದವನ ಹೆಸರನ್ನು ಯಾರೂ ಎತ್ತಲಿಲ್ಲ. ಒಂದಕ್ಷರದಷ್ಟು ಗಂಡನನ್ನು ನನ್ನ ತಂಗಿ ಸಹಿಸಿಕೊಂಡಿದ್ದಳು. ತಾವು ಅವನನ್ನು ಪೂರ್ತಿ ಬಿಡಿಸಿ ಬರೆದಿರಿ.

ಬಿಡುಗಡೆಯ ದಿನ ತಾವು ಅವಳನ್ನು ವೇದಿಕೆಗೆ ಕರೆಸಿದಿರಿ. ತಾಯಿಯ ಕೈಯಿಂದ ಮಗನಿಗೆ ಜರ್ಸಿ ಕೊಡಿಸುವ ಯೋಜನೆ; ಕ್ಯಾಮೆರಾಗಳಿಗೆ ಇಷ್ಟವಾಗುವಂಥದ್ದು. ಜರ್ಸಿ ಕೈಗೆ ಬಂದ ಕೂಡಲೇ ಅವಳು ಅದರ ಒಳಗನ್ನು ಹೊರಗೆ ತಿರುವಿದಳು. ತಮ್ಮ ನಿರೂಪಕ ಅರವಿಂದ್ ನಕ್ಕ. ಇದು ತಿರುಪ್ಪೂರಿನ ರೂಢಿ. ಮದುವೆಗೆ ಉಡುಗೊರೆ ಬಂದ ಅಂಗಿಯನ್ನೂ ಇಲ್ಲಿ ಕೊಟ್ಟವರ ಎದುರೇ ತಿರುವಿ ಹೊಲಿಗೆ ನೋಡುತ್ತಾರೆ, ಕೊಟ್ಟವರೂ ಬಗ್ಗಿ ನೋಡುತ್ತಾರೆ. ಹೊಲಿಗೆ ನೋಡಿ ಮುಗಿಸಿ ಅವಳು ಜರ್ಸಿಯನ್ನು ಸರಿಯಾಗಿ ತಿರುವಿದಳು. ಆಗ ಬೆನ್ನು ಅವಳ ಕಡೆಗೆ ಬಂತು. ಲೇಬಲ್ಲು ನೋಡಿ ನೋಡಿ ಇಂಗ್ಲಿಷ್ ಅಕ್ಷರಗಳು ಅವಳಿಗೆ ಬರುತ್ತವೆ.

"ಪೇರು ಸೊಲ್ಲುಂಗಮ್ಮಾ!" ಎಂದ ಅರವಿಂದ್, ಮೈಕನ್ನು ಅವಳ ಬಾಯಿಗೆ ಹಿಡಿದು. ಹೆಸರು ಹೇಳಬೇಕಂತೆ. ಅವನು ಅವಳ ಎಡಗಡೆ ನಿಂತಿದ್ದ. ಅವಳು ಬಲಗಿವಿ ಕೊಡಲು ಪೂರ್ತಿ ತಿರುಗಿದಳು, ಸಭೆಗೆ ಬೆನ್ನು ಹಾಕಿದ ಹಾಗಾಯಿತು, ಜನ ನಕ್ಕರು. ಅವನು ಮತ್ತೆ ಕೇಳಿದ. ಅವಳು ಸುಮ್ಮನೆ ನಿಂತಳು.

ನಮ್ಮ ಕಡೆಯ ಆ ವಯಸ್ಸಿನ ಹೆಂಗಸರು ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಆಸ್ಪತ್ರೆಯಲ್ಲೋ ರೇಷನ್ ಅಂಗಡಿಯಲ್ಲೋ ಕೇಳಿದರೆ ಪಕ್ಕದವರ ಮುಖ ನೋಡುತ್ತಾರೆ, ಅವರು ಹೇಳಿಬಿಡುತ್ತಾರೆ. ತಮಗೆ ಆ ರೂಢಿ ನೆನಪಾಯಿತು. ಖುಷಿಯೂ ಆಯಿತು. ಮೈಕು ಕಸಿದುಕೊಂಡು ತಾವು ತಮಿಳಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ನೋಡ್ರಪ್ಪಾ, ಅಮ್ಮನಿಗೆ ಇನ್ನೂ ನಾಚಿಕೆ! ಇದು ನಮ್ಮ ಹೆಣ್ಣುಮಕ್ಕಳ ಸಂಸ್ಕೃತಿ! ಅವರು ಹೇಳದಿದ್ದರೇನು, ನಾವು ಹೇಳೋಣ. ಎಲ್ಲರೂ!"

ಎಲ್ಲರೂ ಹೇಳಿದರು. ಅಂಗಪ್ಪನ್, ಅಂಗಪ್ಪನ್, ಅಂಗಪ್ಪನ್. ಕೈ ತಟ್ಟುವುದಕ್ಕೆ ಒಗ್ಗುವ ಹೆಸರು, ಅದನ್ನೂ ಗಮನಿಸಿದೆ. ನನ್ನ ಪಕ್ಕದಲ್ಲಿ ಕೂತಿದ್ದ ಅಪರಿಚಿತರು ಯಾವ ಕೆಟ್ಟ ಉದ್ದೇಶವೂ ಇಲ್ಲದೆ, ಮುಖ ಕೆಂಪಾಗುವಷ್ಟು ಕೂಗಿದರು. ತನ್ನನ್ನು ಹೊಡೆದವನ ಹೆಸರನ್ನು ಸಾವಿರ ಜನ ಒಟ್ಟಾಗಿ ಕೂಗುವಾಗ ಒಬ್ಬ ಹೆಂಗಸು ಯಾವ ಕಡೆ ನೋಡಬೇಕು ಎಂಬುದಕ್ಕೆ ರೂಢಿಯಲ್ಲಿ ಏನೂ ಹೇಳಿಲ್ಲ. ಅವಳು ಮಗನ ಬೂಟನ್ನು ನೋಡುತ್ತ ನಿಂತಳು.

ಕೆಳಗಿಳಿದು ಬಂದು ನನ್ನ ಪಕ್ಕ ಕೂತ ಮೇಲೆ ಅವಳು ಆಡಿದ್ದು ಒಂದೇ ಮಾತು. "ಹೊಲಿಗೆ ಚೆಂದಾಗೈತಣ್ಣ. ಅಕ್ಷರ ಮಾತ್ರ ಒತ್ತಿ ಅಂಟ್ಸವ್ರೆ. ಬಿಚ್ಚಕ್ಕೆ ಆಗಾದಿಲ್ಲ."

ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ತಮ್ಮ ಸಮಾರಂಭದ ವಿಡಿಯೋ ಎಲ್ಲರ ಫೋನಿಗೂ ಹೋಯಿತು, ಧಾರಾಪುರದ ಕಡೆ ಇದ್ದ ಅಂಗಪ್ಪನ್ ಕೈಗೂ ಹೋಯಿತು. ಅಭ್ಯಾಸ ಪಂದ್ಯದ ದಿನ ಅವನು ಬಂದ. ಹೊಸ ಜರ್ಸಿ ಕೊಂಡು, ತನ್ನ ಹೆಸರನ್ನು ತಾನೇ ತೊಟ್ಟು ಬಂದ. ಗೇಟಿನಲ್ಲಿ ಯಾರೆಂದು ಕೇಳಿದವರಿಗೆ ಬೆನ್ನು ತೋರಿಸಿದ. ತಾವು ಅವನನ್ನು ಗಣ್ಯರ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಿದಿರಿ. ಅವನು ಕ್ಯಾಮೆರಾಕ್ಕೆ, ಮಗ ಆಟಗಾರನಾಗುತ್ತಾನೆಂದು ತೊಟ್ಟಿಲಲ್ಲೇ ಕಾಲು ನೋಡಿ ಹೇಳಿದ್ದೆ ಎಂದ. ನನ್ನನ್ನು ಕಂಡು, ಹೆಂಡತಿಯ ಅಣ್ಣನನ್ನು ಕರೆಯುವ ಹಳೆಯ ಸಲಿಗೆಯಿಂದಲೇ ಕರೆದ.

"ಏನ್ ಮಚ್ಚಾನ್, ಸೌಕ್ಯವಾ? ಅಲ್ಲಿ ನೋಡಿ, ನನ್ ಹೆಸ್ರು ಎಂಗೆ ಓಡ್ತೈತೆ!"

"ಅದಕ್ಕೆ ಓಡಿ ಅಭ್ಯಾಸ ಐತೆ" ಎಂದೆ.

ಅವನು ಮನಸಾರೆ ನಕ್ಕ. ಅವನು ಸದಾ ನಗುವ ಮನುಷ್ಯ. ಅವನ ಬಗ್ಗೆ ಮೊದಲಿಂದ ಇದ್ದ ತೊಂದರೆ ಅದೇ. ತಮ್ಮಂಥವರಿಗೆ ಅವನು ಕೂಡಲೇ ಇಷ್ಟವಾಗುತ್ತಾನೆ.

ಗೋಕುಲ ಗಣ್ಯರ ಸಾಲಿನತ್ತ ನೋಡಿದ. ವಿರಾಮದ ನಂತರ ಮೈದಾನಕ್ಕೆ ಬಂದಾಗ ಅವನ ಬೆನ್ನಿನ ಹೆಸರಿನ ಮೇಲೆ, ಪಾದದ ಗಂಟಿಗೆ ಸುತ್ತುವ ಬಿಳಿ ಟೇಪು ಅಡ್ಡಡ್ಡ ಅಂಟಿತ್ತು. ಚೆನ್ನಾಗಿಯೇ ಆಡಿದ. ಮರುದಿನ ತಮ್ಮ ಕಚೇರಿಯಿಂದ ಅವನಿಗೆ ಹೇಳಿಕಳಿಸಿದರು: ಉಡುಪನ್ನು ವಿರೂಪಗೊಳಿಸಿದ್ದಕ್ಕೆ ಶನಿವಾರದೊಳಗೆ ಕ್ಷಮೆ ಕೇಳಬೇಕು, ಹೆಸರು ತೊಟ್ಟು ಆಡಬೇಕು. ಇಲ್ಲವಾದರೆ ಭಾನುವಾರದ ಮೊದಲ ಪಂದ್ಯಕ್ಕೂ ಇಲ್ಲ, ಮುಂದಿನವುಗಳಿಗೂ ಇಲ್ಲ. ಅವನು ತನ್ನ ಹೆಸರನ್ನೇ ಹಾಕಿ ಎಂದ. ವಿನ್ಯಾಸದ ಏಕರೂಪತೆ ಕೆಡುತ್ತದೆ ಎಂದಿರಿ. ಹಾಗಾದರೆ ಅಮ್ಮನ ಹೆಸರು ಹಾಕಿ ಎಂದ. ಹೆಂಗಸಿನ ಹೆಸರು ಹೊತ್ತು ಓಡಿದರೆ ಗ್ಯಾಲರಿ ನಗುತ್ತದೆ ಎಂದಿರಿ. ತಲೆಯಿಲ್ಲದ ನವಿಲನ್ನು ಎದೆಗೆ ಅಂಟಿಸಿಕೊಂಡ ತಂಡವನ್ನು ನೋಡಿ ಗ್ಯಾಲರಿ ಏನು ಮಾಡುತ್ತದೆ ಎಂದು ತಮ್ಮ ಅಂದಾಜು?

ಅಂದು ಸಂಜೆ ನಾನು ತಂಗಿಯ ಮನೆಯಲ್ಲಿದ್ದೆ. ಅವಳು ಅಕ್ಕಿ ಆರಿಸುತ್ತ, ತಲೆಯೆತ್ತದೆ ಮಗನಿಗೆ ಹೇಳಿದಳು:

"ಹಾಕ್ಕೊ ಸಾಮಿ. ಬೆನ್ನಲ್ಲಿ ತಾನೆ ಇರಾದು? ನಿನ್ ಕಣ್ಣಿಗೆ ಕಾಣಾದಿಲ್ಲ."

"ನಿನ್ ಕಣ್ಣಿಗೆ ಕಾಣ್ತದಲ್ಲಮ್ಮಾ."

"ನಾ ಬರಾದಿಲ್ಲ. ಮುಗೀತಲ್ಲ."

ಅವನು ಹುಡುಗನಾಗಿ ಶಾಲೆಯ ಅಂಗಳದಲ್ಲಿ ಬರಿಗಾಲಲ್ಲಿ ಆಡುತ್ತಿದ್ದಾಗಿನಿಂದ ಅವಳು ಒಂದು ಪಂದ್ಯವನ್ನೂ ತಪ್ಪಿಸಿಲ್ಲ. ಕೇಳುವ ಕಿವಿಯನ್ನು ಮೈದಾನದ ಕಡೆ ಇಟ್ಟು, ಸದಾ ಗ್ಯಾಲರಿಯ ಎಡತುದಿಯಲ್ಲಿ ಕೂರುತ್ತಾಳೆ. ಈಗ ತಾಯಿ ಹೊರಗುಳಿದರೆ ಮಗ ಆಡಬಹುದು, ಮಗ ಹೊರಗುಳಿದರೆ ತಾಯಿ ಕೂರಬಹುದು. ಈ ಏರ್ಪಾಟಿನಲ್ಲಿ ಎರಡೂ ಕಡೆಯಿಂದ ಗಣ್ಯರ ಸಾಲಿನಲ್ಲಿ ಉಳಿಯುವವನು ಅಂಗಪ್ಪನ್ ಒಬ್ಬನೇ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ತಾವು ಬಟ್ಟೆಯಲ್ಲಿ ಯಾಕೆ ತೋರಿಸಲಿಲ್ಲ?

ನಮ್ಮ ಕಂಪನಿಗಳಲ್ಲಿ ಒಂದು ಪದ್ಧತಿಯಿದೆ. ಹೊಲಿಯುವಾಗ ಸೂಜಿ ಮುರಿದರೆ ಮಷಿನು ನಿಲ್ಲಿಸುತ್ತಾರೆ. ಮುರಿದ ತುಂಡುಗಳನ್ನೆಲ್ಲ ಹುಡುಕಿ, ಒಂದಕ್ಕೊಂದು ಜೋಡಿಸಿ, ಪೂರ್ತಿ ಸೂಜಿ ಸಿಕ್ಕಿತೆಂದು ಖಚಿತವಾದ ಮೇಲೆಯೇ ಮುಂದಿನ ಹೊಲಿಗೆ. ತುದಿ ಸಿಗದಿದ್ದರೆ ಆ ಬಟ್ಟೆ ಆಚೆ ಹೋಗುವಂತಿಲ್ಲ. ಬಣ್ಣ ಎಷ್ಟೇ ಚೆನ್ನಾಗಿರಲಿ, ಹಡಗು ಎಷ್ಟೇ ಕಾದಿರಲಿ. ಯಾಕೆಂದರೆ ಅದು ಒಂದು ದಿನ ತೊಟ್ಟವರ ಮೈಗೆ ಚುಚ್ಚುತ್ತದೆ. ತಮ್ಮ ಹೊಗೆ, ನವಿಲು, ನದಿ ಎಲ್ಲ ನನ್ನ ಲೆಕ್ಕದಲ್ಲಿ ಸಣ್ಣ ದೋಷಗಳು. ಅವುಗಳೊಂದಿಗೆ ಮಾಲು ಹೋಗಲಿ. ಈ ಹೆಸರು ಬಟ್ಟೆಯೊಳಗೆ ಉಳಿದ ಸೂಜಿಯ ತುದಿ. ತಮಗೆ ಚುಚ್ಚದಿರುವುದಕ್ಕೆ ಕಾರಣ, ಅದನ್ನು ತೊಡುವವರು ತಾವಲ್ಲ.

ಆದ್ದರಿಂದ, ಭಾನುವಾರಕ್ಕೆ ಮುಂಚೆ ಗೋಕುಲನಿಗೆ ಹೊಸ ಜರ್ಸಿ ಕೊಡಿಸಬೇಕು. ಅದರ ಮೇಲೆ ಅವನ ಹೆಸರಿರಲಿ, ಇಲ್ಲವೇ ಅವನ ತಾಯಿಯದು. ಎರಡೂ ತಮ್ಮ ಕಣ್ಣಿಗೆ ಕುಂದೆನಿಸಿದರೆ ಬೆನ್ನು ಖಾಲಿ ಇರಲಿ, ಸಂಖ್ಯೆ ಸಾಕು. ಕ್ಷಮೆಯ ಮಾತು ಬಿಟ್ಟುಬಿಡಿ. ಯಾರು ಯಾರನ್ನು ಕೇಳಬೇಕೆಂಬ ಚರ್ಚೆ ಶುರುವಾದರೆ ಋತು ಮುಗಿದುಹೋಗುತ್ತದೆ. ಗ್ಯಾಲರಿಯ ಎಡತುದಿಯ ಒಂದು ಕುರ್ಚಿಯನ್ನು ಖಾಲಿ ಬಿಡಿ. ಯಾರಿಗೆಂದು ಮೈಕಿನಲ್ಲಿ ಸಾರಬೇಡಿ.

ಕೊನೆಯದಾಗಿ ಒಂದು ಮಾತು. ತಾವೂ ನಮ್ಮಂತೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವವರು. ಆದರೆ ತಮಗೆ ಕನ್ನಡ ಅಕ್ಷರ ಬಾರದು. ಇದನ್ನು ತಮಗೆ ಯಾರಾದರೂ ಓದಿ ಹೇಳಬೇಕು ಎಂದೇ ಕನ್ನಡದಲ್ಲಿ ಬರೆದೆ. ಮೈಸೂರು ಕಡೆಯಿಂದ ಬಂದ ತಮ್ಮ ಸೊಸೆ ಓದುತ್ತಾರೆ ಎಂದುಕೊಂಡಿದ್ದೇನೆ. ಅವರು ಗಟ್ಟಿಯಾಗಿ ಓದುವಾಗ ತಾವು ಒಂದು ವಿಷಯ ಗಮನಿಸಿರಬಹುದು: ಇಷ್ಟುದ್ದದ ಪತ್ರದಲ್ಲಿ ತಮ್ಮ ಹೆಸರು ಎಲ್ಲೂ ಬರಲಿಲ್ಲ. ನಮ್ಮ ಮನೆಗಳಲ್ಲಿ ಹೆಸರು ಹೇಳದಿರುವುದಕ್ಕೆ ಎರಡು ಕಾರಣಗಳಿರುತ್ತವೆ, ಗೌರವ ಅವುಗಳಲ್ಲಿ ಒಂದು ಮಾತ್ರ. ವೇದಿಕೆಯ ಮೇಲೆ ನನ್ನ ತಂಗಿ ಸುಮ್ಮನಿದ್ದಾಗ ತಾವು ತಪ್ಪಾದದ್ದನ್ನು ಆರಿಸಿಕೊಂಡಿರಿ. ನನ್ನ ವಿಷಯದಲ್ಲಾದರೂ ಆ ತಪ್ಪು ಮಾಡದಿರಿ.

ಇಂತಿ,
ಈ ಮಾಲನ್ನು ಪಾಸು ಮಾಡಲಾರದ,
ಸುಬ್ಬಾತಾಳ ಅಣ್ಣ