ಮೂರೂವರೆ ಟನ್ನಿನ ಒಳಗೆ

ಲೊಪರ್ಸುಮ್
ಮೇ ೧೪, ಭಾನುವಾರ

ಮುದ್ದಿನ ಜೆಲ್ಮರ್,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೂಳೆತ್ತುವ ಹಡಗಿನಲ್ಲಿ ನಿಮಗೆ ಕೊಡುವ ಹಾಸಿಗೆಯ ಬಗ್ಗೆ ನೀನು ಹೇಳಿದ ಮೇಲೆ ನಮ್ಮ ಗಾಲಿಮನೆ ಕ್ಯಾರವಾನಿನ ಹಾಸಿಗೆ ಅರಮನೆಯದು ಅನ್ನಿಸಿತು. ಬ್ರೆಜಿಲಿನ ಬಿಸಿಲಿಗೆ ಟೋಪಿ ಹಾಕಿಕೊಳ್ಳುತ್ತೀಯೆಂದು ನಂಬಿದ್ದೇನೆ. ನಿನ್ನ ಮೂಗು ಹುಟ್ಟಿದಾಗಿನಿಂದಲೂ ಬಿಸಿಲು ತಡೆಯುವ ಮೂಗಲ್ಲ. ನಾವಿಬ್ಬರೂ ಆರೋಗ್ಯವಾಗಿದ್ದೇವೆ, ನಿಮ್ಮಪ್ಪನ ಕಣ್ಣೊಂದನ್ನು ಬಿಟ್ಟರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನ್ ಮಾಡಿದಾಗ ಅವರು ಪಕ್ಕದಲ್ಲೇ ಕೂತು ನನ್ನ ಮಾತುಗಳನ್ನು ತಾವೇ ಮುಗಿಸುತ್ತಾರೆ. ಆಮೇಲೆ ಅವು ನನ್ನ ಮಾತುಗಳಾಗಿ ಉಳಿಯುವುದಿಲ್ಲ.

ಹಳೆಯ ಕಾರು ಈ ಸಲದ ತಪಾಸಣೆಯಲ್ಲಿ ಪಾಸಾಗಲಿಲ್ಲ. ತಳವೆಲ್ಲ ತುಕ್ಕು ಹಿಡಿದಿದೆ; ರಿಪೇರಿ ಮಾಡಿಸುವುದು ದಂಡ ಎಂದು ಗ್ಯಾರೇಜಿನವನೇ ಹೇಳಿದ. ಹಾಗಾಗಿ ಜುಲೈ ರಜೆಗೆ ಮುಂಚೆ ಕ್ಯಾರವಾನ್ ಎಳೆಯುವ ಇನ್ನೊಂದು ಕಾರು ಬೇಕಾಯಿತು. ಇಷ್ಟೇ ಆಗಿದ್ದರೆ ನಿಮ್ಮಪ್ಪ ಒಂದು ಮಧ್ಯಾಹ್ನದಲ್ಲಿ ಕೊಂಡು ತರುತ್ತಿದ್ದರು, ನಾನು ಬಣ್ಣ ನೋಡುತ್ತಿದ್ದೆ. ಆದರೆ ಮಾರ್ಚಿನಲ್ಲಿ ಕಣ್ಣಿನ ವೈದ್ಯೆ ಅವರ ಎಡಗಣ್ಣಿನ ನಡುವೆ ಮಬ್ಬು ಕವಿದಿರುವುದನ್ನು ಕಂಡುಹಿಡಿದರು. ಹಗಲಿನಲ್ಲಿ ಊರೊಳಗೆ ಓಡಿಸಬಹುದು, ಹಿಂದೆ ಏನನ್ನಾದರೂ ಕಟ್ಟಿಕೊಂಡು ಹೆದ್ದಾರಿಗೆ ಇಳಿಯುವುದು ಬೇಡ ಎಂದರು. ನಾನೂ ಅದೇ ಕೋಣೆಯಲ್ಲಿದ್ದೆ. ಹೊರಗೆ ಬಂದು ಮೆಟ್ಟಿಲಿಳಿಯುವಷ್ಟರಲ್ಲಿ ನಿಮ್ಮಪ್ಪನ ಬಾಯಲ್ಲಿ ಅದು "ಈ ವರ್ಷ ಪರವಾಗಿಲ್ಲ ಅಂದ್ರಲ್ಲ" ಎಂದಾಗಿತ್ತು. ವರ್ಷವರ್ಷವೂ ರಜೆಗೆ ಹೋಗುವ ಫ್ರಾನ್ಸಿನ ಡೊರ್ಡೋನ್ ನದಿಯ ದಂಡೆಗೆ ಇನ್ನು ಮೇಲೆ ನಾನು ಓಡಿಸಬೇಕು, ಇಲ್ಲವೇ ನಾವು ಹೋಗಬಾರದು ಎಂದು ಆ ಮೆಟ್ಟಿಲ ಮೇಲೇ ತೀರ್ಮಾನಿಸಿಕೊಂಡೆ.

ತೊಡಕು ಎಲ್ಲಿದೆ ಎಂಬುದು ನಿನಗೆ ಗೊತ್ತು. ಅಪ್ಪನದು ಟ್ರೇಲರಿನ ದೊಡ್ಡ ಲೈಸೆನ್ಸು, ನನ್ನದು ಬರೀ ಕಾರಿನದು. ಕಾರು, ಕ್ಯಾರವಾನು ಎರಡರ ಕಾಗದದ ಮೇಲಿನ ಗರಿಷ್ಠ ತೂಕ ಸೇರಿ ಮೂರೂವರೆ ಟನ್ ದಾಟಿದರೆ ನಾನು ಸ್ಟೀರಿಂಗ್ ಮುಟ್ಟುವಂತಿಲ್ಲ. ದೊಡ್ಡ ಲೈಸೆನ್ಸಿಗೆ ಪರೀಕ್ಷೆ ಕಟ್ಟು ಎನ್ನುತ್ತೀಯ. ವಿಚಾರಿಸಿದೆ, ಈ ಬೇಸಿಗೆಗೆ ಸರದಿ ಬರುವುದಿಲ್ಲ. ಅಂದರೆ ಯಾವ ಕಾರು ಕೊಳ್ಳುತ್ತೇವೆ ಎನ್ನುವುದೇ ಯಾರು ಓಡಿಸುತ್ತಾರೆ ಎನ್ನುವುದನ್ನೂ ನಿರ್ಧರಿಸುತ್ತಿತ್ತು. ಇದು ನಮ್ಮಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಊಟದ ಮೇಜಿನಲ್ಲಿ ಬರೀ ಇಂಜಿನ್ನಿನ ಮಾತು. ನಿಮ್ಮಪ್ಪನ ಮನಸ್ಸು ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಒಂದು ಭಾರಿ ಡೀಸೆಲ್ ಗಾಡಿಯ ಮೇಲೆ ನಿಂತಿತ್ತು. ಎಳೆಯುವುದು ಎಳೆಸಿಕೊಳ್ಳುವುದಕ್ಕಿಂತ ಗಟ್ಟಿ ಇರಬೇಕು, ಇಲ್ಲದಿದ್ದರೆ ದಾರಿಯಲ್ಲಿ ಸಿಗುವ ಲಿಮೋಜಿನ ಇಳಿಜಾರಿನಲ್ಲಿ ಬಾಲವೇ ನಾಯಿಯನ್ನು ಆಡಿಸುತ್ತದೆ ಎಂಬುದು ಅವರ ಸಿದ್ಧಾಂತ. ಸುಳ್ಳೇನಲ್ಲ. ಆದರೆ ಆ ಗಾಡಿಯ ಜೊತೆ ನಮ್ಮ ಕ್ಯಾರವಾನನ್ನು ಕೂಡಿಸಿದರೆ ಮೂರೂವರೆ ಟನ್ ಎಲ್ಲೋ ಹಿಂದೆ ಉಳಿಯುತ್ತದೆ. ನಾನು ಆರಿಸಿಕೊಂಡದ್ದು ಉದ್ದ ಡಿಕ್ಕಿಯ ಒಂದು ಸಾಧಾರಣ ಪೆಟ್ರೋಲ್ ಕಾರು. ಖಾಲಿ ಕಾರೇ ತುಂಬಿದ ಕ್ಯಾರವಾನಿಗಿಂತ ಭಾರ, ಅದರ ಕೊಂಡಿ ಕ್ಯಾರವಾನಿನ ಕಾಗದದ ತೂಕಕ್ಕಿಂತ ತುಸು ಹೆಚ್ಚೇ ಎಳೆಯುತ್ತದೆ, ಮತ್ತು ಎರಡೂ ಸೇರಿ ನನ್ನ ಲೈಸೆನ್ಸಿನೊಳಗೆ ಕೂರುತ್ತವೆ.

ಕಾರು ಮಾರುವ ರೋಲೊಫ್ ನಿನಗೆ ನೆನಪಿರಬೇಕು, ನಮಗೆ ಹಳೆಯ ಕಾರು ಮಾರಿದವನು. ಅವನು ಮೊದಲು ಬ್ಯಾಟರಿ ಕಾರನ್ನು ತೋರಿಸಿದ. ಚಾರ್ಜಿಗೆ ನಿಂತಲ್ಲೆಲ್ಲ ಕ್ಯಾರವಾನ್ ಬಿಚ್ಚಿಡಬೇಕೆಂದು ಕೇಳಿದ ಮೇಲೆ ಆ ವಿಷಯದಲ್ಲಿ ನಾನೂ ನಿಮ್ಮಪ್ಪನೂ ಒಂದೇ ಉಸಿರಿನಲ್ಲಿ ಬೇಡ ಎಂದೆವು. ಆ ವಾರ ನಾವಿಬ್ಬರೂ ಒಪ್ಪಿದ್ದು ಅದೊಂದೇ. ಆಮೇಲೆ ರೋಲೊಫ್ ಡೀಸೆಲ್ ಗಾಡಿಯ ಸುತ್ತ ನಡೆಯುತ್ತ ಪೂರ್ತಿ ನಿಮ್ಮಪ್ಪನಿಗೇ ಹೇಳಿದ. ನಾನು ಪೆಟ್ರೋಲ್ ಕಾರಿನ ಪಕ್ಕ ನಿಂತು, ನನ್ನ ಲೈಸೆನ್ಸಿಗೆ ಯಾವುದು ಆಗುತ್ತೆ ಎಂದು ಕೇಳಿದೆ. ಅವನು ನಿಮ್ಮಪ್ಪನ ಮುಖ ನೋಡಿದ. "ಓಡಿಸೋದು ನೀವಲ್ವಾ ಮೆಂಕೋ?" ಎಂದ. ನಿಮ್ಮಪ್ಪ ಟೈರನ್ನು ಕಾಲಿನಿಂದ ಒದ್ದು ನೋಡುತ್ತಿದ್ದರು. ಹೊಸ ಟೈರನ್ನು ಒದ್ದು ಏನು ತಿಳಿಯುತ್ತದೋ. ಇನ್ನೊಂದು ಟೈರನ್ನೂ ಒದ್ದು, "ಅವಳ ಕಾರು ನಮ್ಮ ಕ್ಯಾರವಾನಿಗೆ ತಾಳಲ್ಲ. ಕಾಗದದಲ್ಲಿ ಸಾವಿರದ ಮುನ್ನೂರು ಕಿಲೋ ಅಂತಿದೆ, ತುಂಬಿದ ಮೇಲೆ ಅದು ಎಷ್ಟಿರುತ್ತೆ ಅಂತ ನಂಗೊತ್ತು" ಎಂದರು. ನಾನು ಅದನ್ನೇ ಹಿಡಿದುಕೊಂಡೆ. ಹಾಗಾದರೆ ತೂಗೋಣ ಎಂದೆ.

ಪಕ್ಕದ ಜಮೀನಿನ ಹಾರ್ಮ್‌ನ ಅಂಗಳದಲ್ಲಿ ಆಲೂಗಡ್ಡೆ ಲಾರಿಗಳನ್ನು ತೂಗುವ ವೇಬ್ರಿಡ್ಜ್ ಇದೆಯಲ್ಲ, ನಿನ್ನೆ ಶನಿವಾರ ಕ್ಯಾರವಾನನ್ನು ಅಲ್ಲಿಗೆ ಒಯ್ದೆವು, ಹಾರ್ಮ್‌ನ ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು. ರಜೆಗೆ ಹೊರಡುವಾಗ ಹೇಗೆ ತುಂಬುತ್ತೇವೋ ಹಾಗೇ ತುಂಬಿದ್ದೆವು. ಟ್ರ್ಯಾಕ್ಟರ್ ಬಿಚ್ಚಿದ ಮೇಲೆ ಅಂಕಿ ಸಾವಿರದ ನಾನೂರು ದಾಟಿ ನಿಂತಿತು. ನಿಮ್ಮಪ್ಪನ ಮುಖದಲ್ಲಿ ಒಂದು ಕ್ಷಣ ಗೆದ್ದ ಕಳೆ ಬಂತು. ಹಾರ್ಮ್ ತಲೆ ಕೆರೆದುಕೊಂಡು, "ಇದು ಅವಳ ಕಾರಿಗೆ ಮಾತ್ರ ಜಾಸ್ತಿ ಅಲ್ಲಪ್ಪ, ಕ್ಯಾರವಾನಿನ ಸ್ವಂತ ಚಕ್ರಕ್ಕೇ ಜಾಸ್ತಿ. ಟ್ಯಾಂಕರ್ ಕಟ್ಟಿ ಎಳೆದ್ರೂ ಪೊಲೀಸ್ ಹಿಡೀತಾನೆ" ಎಂದ. ಆ ಕಳೆ ಹೋಯಿತು. ನಾವು ಇಷ್ಟು ವರ್ಷ ಹೀಗೇ ಹೋಗಿದ್ದೆವು. ಹಳೆಯ ಕಾರು ಗಟ್ಟಿಯಾಗಿತ್ತು, ಹಿಂದೆ ಏನಿದೆಯೆಂದು ನಮಗೆ ತಿಳಿಯಗೊಡಲಿಲ್ಲ.

ಹಾಗಾಗಿ ಎಲ್ಲವನ್ನೂ ಕಾಂಕ್ರೀಟಿನ ಮೇಲೆ ಇಳಿಸಿದೆವು. ಎರಡನೆಯ ಗ್ಯಾಸ್ ಸಿಲಿಂಡರ್, ಲಾರಿಯನ್ನೇ ಎತ್ತಬಲ್ಲ ಜ್ಯಾಕು, ಎಂದೂ ತೆರೆಯದ ಸ್ಪ್ಯಾನರುಗಳ ಪೆಟ್ಟಿಗೆ, ನನ್ನ ಬೀಡಿನ ಬಾಣಲೆ, ಕಡಲೆಕಾಯಿ ಬೆಣ್ಣೆಯ ಡಬ್ಬಿಗಳು, ಕಾಫಿಪುಡಿ, ಮತ್ತು ಎರಡು ಚೀಲ ಆಲೂಗಡ್ಡೆ. "ಫ್ರಾನ್ಸಲ್ಲಿ ಆಲೂಗಡ್ಡೆ ಬೆಳೆಯಲ್ವೇನೋ ಮೆಂಕೋ?" ಎಂದು ಹಾರ್ಮ್ ಕೇಳಿದ. ನಿಮ್ಮಪ್ಪ ನಗದೆ, "ಬೆಳೆಯುತ್ತೆ. ಬೇಯಲ್ಲ" ಎಂದರು. ಆ ಚೀಲಗಳು ಹಾರ್ಮ್‌ನ ಹೊಲದವೇ ಆಗಿದ್ದವು. ಜ್ಯಾಕು, ಸ್ಪ್ಯಾನರು, ಸಿಲಿಂಡರನ್ನು ನಿಮ್ಮಪ್ಪನೇ ಬದಿಗಿಟ್ಟರು, ಬಾಣಲೆಯನ್ನು ನಾನು ಬಿಟ್ಟೆ. ಮಿಕ್ಕದ್ದನ್ನೆಲ್ಲ ಮತ್ತೆ ತುಂಬಿ ತೂಗಿದರೆ ಇನ್ನೂ ಇಪ್ಪತ್ತು ಕಿಲೋ ಇಳಿಯಬೇಕಿತ್ತು. ಉಳಿದಿದ್ದು ಆಲೂಗಡ್ಡೆ, ಇಲ್ಲವೇ ಬಾಗಿಲ ಮುಂದೆ ಕಟ್ಟುವ ಕ್ಯಾನ್ವಾಸಿನ ದೊಡ್ಡ ಚಪ್ಪರ. ಆ ಚಪ್ಪರದ ಕಿಟಕಿ ಪರದೆಗಳನ್ನು ಹೊಲಿದವಳು ನಾನು; ನೀನು ದಡಾರ ಬಂದು ಮಲಗಿದ್ದು ಅದರ ಕೆಳಗೆ. ನಾನೇ ಅದನ್ನು ಎಳೆದು ಕೆಳಗೆ ಹಾಕಿದೆ. ನಿಮ್ಮಪ್ಪ ಅದನ್ನು ನೋಡಿದರು, ನನ್ನನ್ನು ನೋಡಿದರು, ಇನ್ನೊಂದು ಸಲ ತೂಗು ಎಂದು ಹಾರ್ಮ್‌ಗೆ ಹೇಳಿದರು. ಕಾಗದದ ತೂಕದೊಳಗೆ ಬಂತು. ಮನೆಗೆ ಬರುವ ದಾರಿಯಲ್ಲಿ, "ರೋಲೊಫ್‌ಗೆ ಸೋಮವಾರ ಫೋನ್ ಮಾಡು. ಪೆಟ್ರೋಲಿಂದೇ ಇರಲಿ" ಎಂದರು. ಯಾರು ಓಡಿಸುವುದು ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಏಪ್ರಿಲಿನಲ್ಲಿ ಕ್ಯಾರವಾನ್ ಸಂಘದವರ ಅಭ್ಯಾಸದ ದಿನಕ್ಕೆ ಹೋಗಿದ್ದೆ ಎಂಬುದನ್ನು ಬರೆಯಲು ಮರೆತೆ. ಸಂಘದ ಕಾರಿಗೆ ಕಟ್ಟಿದ ಕ್ಯಾರವಾನನ್ನು ಕಂಬಗಳ ನಡುವೆ ಹಿಂದಕ್ಕೆ ಓಡಿಸುವುದು ಎರಡನೆಯ ಪ್ರಯತ್ನದಲ್ಲೇ ಬಂತು. ಒಂದು ಕಂಬವೂ ಬೀಳಲಿಲ್ಲ. ನಿಮ್ಮಪ್ಪ ಜೇಬಿನಲ್ಲಿ ಕೈಯಿಟ್ಟು ಬೇಲಿಯಾಚೆ ನಿಂತಿದ್ದರು. "ಮೈದಾನ ಬೇರೆ, ಘಟ್ಟ ಬೇರೆ" ಎಂದರಷ್ಟೇ.

ವೇಳೆಗೆ ಸರಿಯಾಗಿ ಊಟ ಮಾಡು. ಹಡಗಿನ ಅಡುಗೆಯವನಿಗೆ ನನ್ನ ನಮಸ್ಕಾರ ಹೇಳು, ಅವನಿಂದಲೇ ನೀನು ತರಕಾರಿ ತಿನ್ನಲು ಕಲಿತೆಯಂತೆ. ನಿನ್ನ ಹಡಗಿಗೂ ನಿನಗೂ ಒಳ್ಳೆಯ ಗಾಳಿ ಇರಲಿ.

ನಿನ್ನ
ಅಮ್ಮ ಫ್ರೌಕೆ

ತಾಜಾ ಕಲಂ: ಲಕೋಟೆ ಅಂಟಿಸುವಾಗ ಅಪ್ಪ ಒಳಗೆ ಬಂದರು. "ಜೆಲ್ಮರ್‌ಗೆ ಬರಿ. ಜುಲೈಗೆ ರಜೆ ಹಾಕಿ ಬರ್ಲಿ, ಅವನೇ ಓಡಿಸ್ಲಿ. ನೀನು ಪಕ್ಕದಲ್ಲಿ ಕೂತು ದಾರಿ ನೋಡು" ಎಂದರು. ಅವರು ಹೇಳಿದ್ದನ್ನು ಬರೆದಿದ್ದೇನೆ. ಈಗ ನಾನು ಹೇಳುವುದು: ಆಗಲ್ಲ ಎನ್ನು. ರಜೆ ಸಿಗಲಿಲ್ಲ ಎಂದು ನೆಪ ಹೇಳಬೇಡ, ಅಮ್ಮ ಓಡಿಸಲಿ ಎಂದೇ ಹೇಳು. ಅವರಿಗೆ ಬೇಸರವಾಗುತ್ತದೆ, ಆಗಲಿ. ನಿನ್ನನ್ನು ನೋಡಬೇಕೆಂದು ನನಗೂ ಆಸೆಯಿದೆ, ಹಾಗಾಗಿ ರಜೆ ಸಿಕ್ಕರೆ ಖಂಡಿತ ಬಾ. ಬಂದವನು ಹಿಂದಿನ ಸೀಟಿನಲ್ಲಿ ಕೂರು.