ಕರೆಂಟ್ ಹಾಕಿಸುವ ಮೊದಲು

ನ್ಯಾಮತಿ
17-3-2025, ಸೋಮವಾರ ಮಧ್ಯಾಹ್ನ

ಪ್ರೀತಿಯ ಮಮತಾ,

ನಿನ್ನ ಕಾಗದ ಬಂದು ಹದಿನೈದು ದಿನದ ಮೇಲಾಯಿತು. ಇಷ್ಟು ದಿನ ಉತ್ತರ ಬರೆಯದೆ ಕೂತದ್ದಕ್ಕೆ ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ, ಆಮೇಲೆ ಮುಂದಕ್ಕೆ ಓದು. ಪೊಲೀಸ್ ಟ್ರೈನಿಂಗಿನಲ್ಲಿ ಭಾನುವಾರ ನಿಮ್ಮ ಕೈಗೆ ಫೋನ್ ಕೊಡುವುದೇ ಹತ್ತು ನಿಮಿಷ. ಅದರಲ್ಲಿ ಏಳು ನಿಮಿಷ ಅರ್ಪಿತಾಳದು, ಎರಡು ನಿಮಿಷ ಅವ್ವನದು. ಉಳಿದ ಒಂದು ನಿಮಿಷದಲ್ಲಿ ನಾನು "ಊಟ ಆಯ್ತಾ" ಅನ್ನುತ್ತೇನೆ, ನೀನು "ಆಯ್ತು ರೀ" ಅನ್ನುತ್ತೀಯ, ಅಷ್ಟರಲ್ಲಿ ನಿಮ್ಮ ಮೇಡಂ ಕೈ ಚಾಚಿರುತ್ತಾರೆ. ಅದಕ್ಕೇ ಬರೆಯಲು ಕೂತೆ. ಮಗಳು ಉಂಡು ಮಲಗಿದ್ದಾಳೆ. ಅವ್ವ ಹಿತ್ತಲಲ್ಲಿ ಕೋಳಿಗಳಿಗೆ ಬೈಯುತ್ತಿದ್ದಾಳೆ.

ಕಾಲಿನ ಬೊಬ್ಬೆ ಒಣಗಿತಾ? ನೀನು ಬೂಟು ಹಾಕಿಕೊಂಡು ಮೈದಾನ ಸುತ್ತುವುದನ್ನು ಕೇಳಿ ಅವ್ವನಿಗೆ ಒಳಗೊಳಗೇ ಹೆಮ್ಮೆ. ಆದರೂ ಬಾಯಿ ಸುಮ್ಮನಿರುವುದಿಲ್ಲ. "ಮನೇಲಿ ಬರಿಗಾಲಾಗೆ ಎಡವ್ತಿದ್ದೋಳು, ಬೂಟು ಹಾಕ್ಕಂಡು ಹೆಂಗೆ ಓಡ್ತಾಳೋ ನಮ್ಮ ಪೊಲೀಸು" ಎಂದು ಬಂದವರ ಮುಂದೆಲ್ಲ ಹೇಳುತ್ತಾಳೆ. ನಿನ್ನ ಸಮವಸ್ತ್ರದ ಫೋಟೋವನ್ನು ಬುದ್ಧನ ಪಟದ ಪಕ್ಕದಲ್ಲೇ ಸಿಕ್ಕಿಸಿದ್ದಾಳೆ.

ಈಗ ಹಿತ್ತಲಿನ ಸಮಾಚಾರ. ಬಟ್ಟೆ ಒಗೆಯುವ ಕಲ್ಲು, ಎರಡು ಕರಿಬೇವಿನ ಗಿಡ ಬಿಟ್ಟರೆ ಏನೂ ಇಲ್ಲದ ಆ ಜಾಗ ಈಗ ನಿನಗೆ ಗುರುತು ಸಿಗುವುದಿಲ್ಲ. ಹಸಿರು ಬಲೆ ಕಟ್ಟಿ, ಅದರ ಕೆಳಗೆ ಸಸಿಯ ಟ್ರೇಗಳನ್ನು ಸಾಲಾಗಿ ಜೋಡಿಸಿದ್ದೇನೆ. ಬದನೆ, ಟೊಮ್ಯಾಟೊ, ಮೆಣಸಿನಕಾಯಿ, ಚೆಂಡುಹೂವು. ಬೇಲಿಯ ಹೊಂಗೆ ಪೂರ್ತಿ ಚಿಗುರಿದೆ, ಬೇವು ಹೂ ಬಿಟ್ಟಿದೆ, ಯುಗಾದಿಗೆ ಇನ್ನು ಹದಿಮೂರೇ ದಿನ. ಕತ್ತಲಗೆರೆಯಿಂದ ತಂದ ಮೆಣಸಿನ ಬೀಜ ಚೆನ್ನಾಗಿಯೇ ಹುಟ್ಟಿತ್ತು. ಎಲ್ಲಿ ಒಣಗಿಬಿಡುತ್ತದೋ ಎಂದು ದಿನಕ್ಕೆ ನಾಲ್ಕು ಸಲ ನೀರು ಹಾಕಿದೆ. ವಾರದೊಳಗೆ ಬುಡ ಕೊಳೆತು ಅಷ್ಟೂ ಟ್ರೇ ಮಲಗಿದವು. ಅವ್ವ ನೋಡಿ, "ಗಿಡ ಕೇಳಿತ್ತೇನೋ ನಿನ್ನ ನೀರು? ನೀನು ಹೆದರ್ಕಂಡು ಅದಕ್ಕೆ ಕುಡಿಸ್ತಾ ಕುಂತೆ" ಅಂದಳು. ಎರಡನೇ ಸಲ ಬಿತ್ತಿದ್ದು ಉಳಿಯಿತು. ಹೋದ ವಾರ ಹೊನ್ನಾಳಿ ಸಂತೆಗೆ ಒಯ್ದೆ, ಮಧ್ಯಾಹ್ನದೊಳಗೆ ಖಾಲಿ. ಹತ್ತು ವರ್ಷ ಕಂಬ ಹತ್ತಿದವನನ್ನು ಜನ ಈಗ ಸಸಿ ದುರುಗಣ್ಣ ಅನ್ನುತ್ತಾರೆ. ಮಣ್ಣಿನ ಕೆಲಸ ನನಗೆ ಹಿಡಿಸಿದೆ ಮಮತಾ, ಇದು ಸುಳ್ಳಲ್ಲ.

ನಗಬೇಡ, ಬೋರಿನ ಮೋಟರ್ ಸ್ವಿಚ್ ಒತ್ತಲು ಮಾತ್ರ ಇನ್ನೂ ನನ್ನ ಕೈ ಮೇಲೇಳುವುದಿಲ್ಲ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಒತ್ತುತ್ತಾಳೆ. ನಾನು ಆ ಹೊತ್ತಿಗೆ ಬಚ್ಚಲಿನ ಹಿಂದೆ ಹೋಗಿ ನಿಂತಿರುತ್ತೇನೆ. ಅವಳು ಊರಿಗೆ ಹೋದ ದಿನ ಬೀದಿ ನಲ್ಲಿಯಿಂದ ಕೊಡದಲ್ಲಿ ನೀರು ಹೊತ್ತು ಹಾಕಿದೆ.

ಇದು ನನ್ನೊಬ್ಬನಲ್ಲೇ ನಿಂತಿದ್ದರೆ ನಿನಗೆ ಬರೆಯುತ್ತಿರಲಿಲ್ಲ. ಮಗಳು ಕಲಿತಿದ್ದಾಳೆ. ಬೆಳಗಿನಿಂದ ಸಂಜೆವರೆಗೆ ನನ್ನ ಹಿಂದೆಯೇ ಇರುತ್ತಾಳಲ್ಲ, ನಾನು ಏನು ಮಾಡುತ್ತೇನೋ ಅದನ್ನೇ ನೋಡುತ್ತಾಳೆ. ಮೊದಮೊದಲು ಫ್ಯಾನಿನ ಸ್ವಿಚ್ ಹತ್ತಿರ ನಿಂತು "ಅಪ್ಪಾ, ಆಫ್ ಐತಾ?" ಎಂದು ಕೇಳುತ್ತಿದ್ದಳು. ಜಾಣೆ ಎಂದು ಮುದ್ದು ಮಾಡಿದೆ. ಆಮೇಲೆ ನಲ್ಲಿ ಮುಟ್ಟುವ ಮುಂಚೆ ಕೇಳತೊಡಗಿದಳು. ಈಗ ಹೀರೆಬಳ್ಳಿಯ ಹೂ ಕೀಳಲೂ, ಕೋಳಿಮರಿ ಎತ್ತಿಕೊಳ್ಳಲೂ "ಆಫ್ ಐತಾ ಅಪ್ಪಾ?" ಹೂವು ಆಫ್ ಐತಮ್ಮ ಎಂದು ನಾನು ಹೇಳಬೇಕು, ಆಮೇಲೇ ಕೈ ಮುಂದೆ ಬರುತ್ತದೆ. ಅಂಗನವಾಡಿ ಟೀಚರ್ ಕರೆಸಿದ್ದರು. "ಮಗು ಆಟದ ಸಾಮಾನು ಮುಟ್ಟಾಕೂ ಹೆದರ್ತೈತೆ ರೀ. ಮನೇಲಿ ಯಾರಾದ್ರೂ ಹೊಡೀತೀರಾ?" ಎಂದು ಕೇಳಿದರು. ಇಲ್ಲ ಅಂದೆ. ಅವರು ನಂಬಲಿಲ್ಲ. ಐದು ವರ್ಷದ ಕೂಸಿಗೆ ನಾನು ಎಂಥ ಪಾಠ ಕಲಿಸಿದ್ದೇನೆ ನೋಡು.

ಊರವರ ಬಾಯಲ್ಲಿ ಮಾತ್ರ ನಾನು ದೊಡ್ಡ ಮನುಷ್ಯನಾಗಿಬಿಟ್ಟಿದ್ದೇನೆ. ಜಗಳೂರಿನಿಂದ ನಿಮ್ಮಮ್ಮ ಫೋನ್ ಮಾಡಿದಾಗಲೆಲ್ಲ ಅದೇ ಮಾತು. "ಹೆಂಡ್ತಿ ಓದಿ ಮುಂದೆ ಬರ್ಲಿ ಅಂತ ಕಾಯಂ ನೌಕರಿ ಬಿಟ್ಟು ಮನೇಲಿ ಕೂಸು ನೋಡ್ಕತಾನೆ, ಇಂಥ ಅಳಿಯ ಯಾರಿಗೆ ಸಿಗ್ತಾನೆ" ಅನ್ನುತ್ತಾರೆ. ನಿನ್ನ ಕಾಗದದಲ್ಲೂ ಹಾಗೇ ಬರೆದಿದ್ದೀಯ. ನಿಮ್ಮ ಹಾಸ್ಟೆಲಿನ ಹುಡುಗಿಯರಿಗೆಲ್ಲ ನನ್ನ ವಿಷಯ ಹೇಳಿದೆಯಂತೆ, ಅವರು ಚಪ್ಪಾಳೆ ತಟ್ಟಿದರಂತೆ. ಅದನ್ನು ಓದಿದ ಮೇಲೆಯೇ ನನಗೆ ಉತ್ತರ ಬರೆಯಲು ಆಗದೆ ಹೋದದ್ದು.

ನಿನ್ನೆ ಫೋನಿನಲ್ಲಿ ನೋಟಿಸಿನ ವಿಷಯ ಅರ್ಧ ಹೇಳಿದೆ, ಇನ್ನರ್ಧ ಕೇಳು. ನನ್ನ ಜೊತೆ ಕಂಬ ಹತ್ತುತ್ತಿದ್ದ ಮಹಾಂತೇಶನ ಇಲಾಖಾ ವಿಚಾರಣೆ ನಾಳೆ ದಾವಣಗೆರೆಯಲ್ಲಿ. ಸಾಕ್ಷಿ ಅಂತ ಇರುವವನು ನಾನೊಬ್ಬನೇ. ಕೆಲಸ ಮುಗಿದು ಲೈನ್ ಕ್ಲಿಯರ್ ವಾಪಸ್ ಕೊಟ್ಟು ಕರೆಂಟ್ ಬಂದ ಮೇಲೆ ಅವನಾಗಿಯೇ ಮತ್ತೆ ಕಂಬ ಹತ್ತಿದ ಎಂದು ನಾನು ಅವತ್ತು ಬರೆದುಕೊಟ್ಟಿದ್ದೆನಲ್ಲ, ಅದನ್ನೇ ನಾಳೆ ಬಾಯಲ್ಲಿ ಹೇಳಿದರೆ ಸ್ವಂತ ಅಜಾಗರೂಕತೆ ಎಂದು ಅವನನ್ನು ಕೆಲಸದಿಂದ ತೆಗೆಯುತ್ತಾರೆ. ಬಲಗೈ ಮೊಳಕೈ ಮೇಲಿನಿಂದಲೇ ಹೋಗಿದೆ, ಇನ್ನು ನೌಕರಿಯೂ ಹೋಗುತ್ತದೆ. ಅವನ ತಪ್ಪಲ್ಲ ಎಂದಾದರೆ ಕಚೇರಿಯಲ್ಲಿ ಕೂತು ಮಾಡುವ ಕೆಲಸ ಕೊಡುತ್ತಾರಂತೆ. ನೀನು ನಿನ್ನೆ "ಮೊದ್ಲು ಹೇಳಿದ್ದನ್ನೇ ಹೇಳಿ ಬಂದ್ಬಿಡ್ರಿ, ಇದ್ರಾಗೆ ಹೆದರಾಕೆ ಏನೈತೆ" ಅಂದೆ. ಆಗ ನಾನು ಫೋನನ್ನು ಅವ್ವನ ಕೈಗೆ ಕೊಟ್ಟುಬಿಟ್ಟೆ.

ಶನಿವಾರ ಅವನೇ ಬಂದಿದ್ದ. ಹೊನ್ನಾಳಿ ಬಸ್ಸಿಳಿದು, ಹೆಗಲಿಗೆ ಚೀಲ ಹಾಕಿಕೊಂಡು ಗೇಟಿನಲ್ಲಿ ನಿಂತಿದ್ದ. ಯಾರಾದರೂ ಏನಾದರೂ ಹೇಳಿ ಕಳಿಸಿದ್ದಾರೆ, ಎಲ್ಲ ಮುಗಿಯಿತು ಅಂದುಕೊಂಡೆ. ಅವನು ಬಂದದ್ದು ಬದನೆ ಸಸಿಗೆ. ಮನೆಯ ಹಿಂದೆ ಒಂದಿಷ್ಟು ಜಾಗವಿದೆ, ಎಡಗೈಯಲ್ಲಿ ಏನಾದರೂ ಮಾಡುವುದನ್ನು ರೂಢಿ ಮಾಡಿಕೊಳ್ಳಬೇಕು ಅಂದ. ಟ್ರೇಯಿಂದ ಸಸಿ ಎತ್ತುವುದನ್ನು ತೋರಿಸಿಕೊಟ್ಟೆ. ಮೊದಲ ಎರಡು ಕಿತ್ತುಹೋದವು, ಮೂರನೆಯದು ಬೇರಿನ ಸಮೇತ ಬಂತು. ಅವನು ನಕ್ಕದ್ದನ್ನು ನಾನು ಎಂಟು ತಿಂಗಳಾದ ಮೇಲೆ ನೋಡಿದೆ.

ಅರ್ಪಿತಾ ಅಲ್ಲೇ ಕುಕ್ಕರಗಾಲಲ್ಲಿ ಕೂತು ಅವನ ಖಾಲಿ ತೋಳನ್ನೇ ನೋಡುತ್ತಿದ್ದಳು. ತಡೆಯುವ ಮುಂಚೆಯೇ ಕೇಳಿಬಿಟ್ಟಳು: "ಮಾಮಾ, ನೀನು ಹತ್ತಾಕೆ ಮುಂಚೆ ಆಫ್ ಐತಾ ಅಂತ ಕೇಳ್ಲಿಲ್ವಾ?"

ಅವನಿಗೆ ಬೇಸರವಾಗಲಿಲ್ಲ. "ನಿಮ್ಮಪ್ಪ ಹೇಳಿದ್ನಂತೆ ಕಣವ್ವ, ಕರೆಂಟ್ ಬಂತು ಹತ್ತಬ್ಯಾಡ ಅಂತ. ನಾನೇ ಹತ್ತಿದ್ನಂತೆ. ನಂಗೆ ಅವತ್ತಿನ ಮಧ್ಯಾಹ್ನದಿಂದ ಒಂದೂ ನೆನಪಿಲ್ಲ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ಲೇ ದುರುಗ, ನಿನ್ನ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ನನ್ನ ಮಕ ನೋಡಿ ಸುಳ್ಳು ಹೇಳಾಕೆ ಹೋಗಬ್ಯಾಡ. ಮಂಗಳವಾರ ಇದ್ದದ್ದು ಇದ್ದಂಗೆ ಹೇಳು" ಅಂದ. ನಾನು ಹೂಂ ಅಂದೆ. ಕೈಯಲ್ಲಿದ್ದ ನೀರಿನ ಡಬ್ಬಿ ಜಾರಿ ಬಿದ್ದು ಮಗಳ ಲಂಗವೆಲ್ಲ ಒದ್ದೆಯಾಯಿತು. ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಿಟ್ಟು ಬಂದೆ.

ನಿನ್ನ ಓದು, ಓಟ ಯಾವುದನ್ನೂ ತಪ್ಪಿಸಬೇಡ. ಹೊತ್ತು ಹೊತ್ತಿಗೆ ಉಣ್ಣು. ಅಂಗಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗು. ಯುಗಾದಿಗೆ ನಿಮ್ಮಮ್ಮ ಬರುತ್ತಾರಂತೆ, ಹೋಳಿಗೆಗೆ ನೀನಿಲ್ಲ ಅನ್ನುವುದೊಂದೇ ಕೊರತೆ. ನೀನು ಆ ಖಾಕಿಯಲ್ಲಿ ನಮ್ಮ ಬೀದಿಗೆ ನಡೆದು ಬರುವ ದಿನ ಬೇಗ ಬರಲಿ, ನಿನಗೆ ಎಲ್ಲ ಒಳ್ಳೆಯದಾಗಲಿ. ಅವ್ವನ ಆಶೀರ್ವಾದ, ಮಗಳ ಮುತ್ತು.

ನಿನ್ನವನು,
ದುರುಗೇಶಿ

ಮತ್ತೆ ಬರೆದದ್ದು:

ಕಾಗದ ಮಡಚಿ ಕವರಿಗೆ ಹಾಕಿ, ಅಂಟಿಸುವ ಮುಂಚೆ ಮತ್ತೆ ಹೊರಗೆ ತೆಗೆದೆ. ಮರೆತು ಬಿಟ್ಟದ್ದೇನಲ್ಲ, ಹೆದರಿ ಬಿಟ್ಟದ್ದು.

ಮಹಾಂತೇಶ ಕರೆಂಟ್ ಬಂದ ಮೇಲೆ ಕಂಬ ಹತ್ತಲಿಲ್ಲ ಮಮತಾ. ಕರೆಂಟ್ ಬಂದಾಗ ಅವನು ಕಂಬದ ಮೇಲೆಯೇ ಇದ್ದ. ಅವತ್ತು ಸಬ್‌ಸ್ಟೇಷನ್ನಿಗೆ ಹೇಳಿ ಕರೆಂಟ್ ತೆಗೆಸಿದ್ದು ನನ್ನ ಹೆಸರಿನಲ್ಲಿ. ಯಾರ ಹೆಸರಿನಲ್ಲಿ ತೆಗೆಸಿದ್ದೋ ಅವನೇ ಎಲ್ಲರೂ ಕೆಳಗಿಳಿದದ್ದನ್ನು ಕಣ್ಣಾರೆ ನೋಡಿ ಆಮೇಲೆ ಹಾಕಿಸಬೇಕು. ಅದಕ್ಕೆ ಲೈನ್ ಕ್ಲಿಯರ್ ವಾಪಸ್ ಕೊಡುವುದು ಅನ್ನುತ್ತೇವೆ. ಗದ್ದೆಗೆ ನೀರಿಲ್ಲ ಎಂದು ರೈತರು ಒಬ್ಬರ ಮೇಲೊಬ್ಬರು ಫೋನ್ ಮಾಡುತ್ತಿದ್ದರು. ನಾನು ಮೂರು ಕಂಬದಾಚೆ ಇದ್ದೆ. ಅವನ ಬೈಕಿಗೆ ಏಣಿ ಕಟ್ಟಿದ್ದು ಕಾಣಿಸಿತು. ಏಣಿ ಕಟ್ಟಿದ್ದಾನೆ ಅಂದರೆ ಕೆಲಸ ಮುಗಿದಿದೆ, ನಾವು ಯಾವಾಗಲೂ ಹಾಗೇ ತಿಳಿದುಕೊಳ್ಳುತ್ತಿದ್ದೆವು. ಒಂದು ಕೂಗು ಹಾಕಲಿಲ್ಲ. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಕರೆಂಟ್ ಹಾಕಿ ಅಂದೆ. ಅವನು ಏಣಿ ಕಟ್ಟಿದ ಮೇಲೆ ತಂತಿಗೆ ಸಿಕ್ಕ ಒಂದು ಕೊಂಬೆ ಕಂಡು, ಏಣಿ ಬಿಚ್ಚದೆ ಹಾಗೇ ಬರಿಗಾಲಲ್ಲಿ ಮುಂದಿನ ಕಂಬ ಹತ್ತಿದ್ದ. ಆ ಕಂಬವೂ ನಾನು ಕರೆಂಟ್ ತೆಗೆಸಿದ ಲೈನಿನಲ್ಲೇ ಇತ್ತು.

ಸಾಹೇಬರು ಕೇಳಿದಾಗ ಬಾಯಿಗೆ ಸುಳ್ಳು ಬಂತು. ಅವನಿಗೆ ಪ್ರಜ್ಞೆ ಇರಲಿಲ್ಲ, ಉಳಿಯುತ್ತಾನೆ ಎಂದು ಯಾರೂ ಹೇಳಿರಲಿಲ್ಲ. ಅವನು ಉಳಿದ. ಏನೂ ನೆನಪಿಲ್ಲದೆ, ನನ್ನ ಮಾತನ್ನೇ ನಂಬಿ, ತನ್ನ ಕೈಯನ್ನು ತಾನೇ ಕಳೆದುಕೊಂಡೆ ಎಂದು ತಿಳಿದು ಉಳಿದ.

ನಿನಗಾಗಿ ನಾನು ಕೆಲಸ ಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಒಬ್ಬ ಹುಡುಗನನ್ನು ಕಂಬಕ್ಕೆ ಹತ್ತಿಸಿ, ಕೆಳಗೆ ಫೋನ್ ಹಿಡಿದು ನಿಂತವನು ಕರೆಂಟ್ ಹಾಕಿ ಅನ್ನಲಾರದೆ ಅಲ್ಲೇ ಕೂತುಬಿಟ್ಟೆ. ಅದೇ ವಾರ ನಿನ್ನ ಆಯ್ಕೆ ಪಟ್ಟಿ ಬಂತು. ಹೆಂಡತಿಗಾಗಿ ಬಿಟ್ಟೆ ಎಂದು ಹೇಳಿಕೊಂಡೆ. ಎಲ್ಲರೂ ನಂಬಿದರು, ನೀನು ಅತ್ತುಬಿಟ್ಟೆ. ಆ ಅಳು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನಾಳೆ ನಿಜ ಹೇಳಿದರೆ ನನ್ನ ಮೇಲೆ ಕೇಸಾಗಬಹುದು. ಗಂಡನ ಮೇಲೆ ಕೇಸಿದ್ದರೆ ನಿನ್ನ ನೌಕರಿಗೆ ಏನಾಗುತ್ತದೋ ಗೊತ್ತಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ಯಾಕೆ ಕೇಳುತ್ತೀಯ ಅನ್ನುತ್ತಾರೆ. ನಿನ್ನನ್ನೇ ಕೇಳಬೇಕಿತ್ತು. ಕೇಳಿದರೆ ನೀನು ಬೇಡ ಅನ್ನಬಹುದು, ಆಗ ಆ ಪಾಪದಲ್ಲಿ ನಿನಗೂ ಅರ್ಧ ಪಾಲು ಬರುತ್ತದೆ. ಅದು ಬೇಡ. ಬೆಳಿಗ್ಗೆ ಇದನ್ನು ಅಂಚೆ ಡಬ್ಬಿಗೆ ಹಾಕಿ, ಅಲ್ಲಿಂದಲೇ ದಾವಣಗೆರೆ ಬಸ್ಸು ಹತ್ತುತ್ತೇನೆ.

ಅವರ ಮುಂದೆ ನಿಂತಾಗ ನನಗೆ ಧೈರ್ಯ ಬರುತ್ತದೆ ಎಂದು ನಾನು ಮಾತು ಕೊಡಲಾರೆ. ನನ್ನನ್ನು ನಾನು ಈಗ ಅಷ್ಟು ನಂಬುವುದಿಲ್ಲ. ಅಲ್ಲಿ ನಾನು ಮತ್ತೆ ಸುಳ್ಳು ಹೇಳಿ ಬಂದರೆ, ಮೇಲಿನ ಕಾಗದ ನೀನು ಇಟ್ಟುಕೋ. ಈ ಹಾಳೆಯೊಂದನ್ನು ಬೇರೆ ಮಾಡಿ ಮಹಾಂತೇಶನಿಗೆ ತಲುಪಿಸು, ಅವನು ಸಾಹೇಬರಿಗೆ ಕೊಡಲಿ. ಹೆಂಡತಿಗೆ ಬರೆಯುವಾಗ ಪೂರ್ತಿ ಹೆಸರು ಹಾಕುವ ಅಗತ್ಯವಿಲ್ಲ. ಆದರೆ ಇದಕ್ಕೆ ಬೇಕಾಗುತ್ತದೆ.

ದುರುಗೇಶ್, ತಂದೆ ಧರ್ಮಪ್ಪ
ಮಾಜಿ ಲೈನ್‌ಮನ್, ನ್ಯಾಮತಿ
17-3-2025