ನಿದ್ದೆಗೆಟ್ಟ ಮೈಯಲ್ಲಿ ಉಳಿಯದ ಮಾತು

ಅಮ್ಮಾ,

ಬೆಳಿಗ್ಗೆ ಅಕ್ಕ ಬಂದಿದ್ದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಅಮ್ಮ ಕೊನೇಲಿ ನನಗೆ ಏನೋ ಹೇಳು ಅಂತ ನಿನ್ನ ಹತ್ರ ಅಂದಿದ್ಲಂತೆ. ವಾರ್ಡಿನ ನರ್ಸು ಮಾರ್ಕೆಟ್ಟಲ್ಲಿ ಸಿಕ್ಕಿ ಹೇಳಿದ್ರು. ಏನೋ ಅದು?"

ನೆನಪಿಲ್ಲ ಎಂದೆ.

"ನಿನಗಾ? ನಾನು ಎಂಟನೇ ಕ್ಲಾಸಲ್ಲಿ ಹೇಳಿದ ಸುಳ್ಳನ್ನ ಇವತ್ತಿಗೂ ಎತ್ತಿ ಆಡ್ತೀಯ. ತಮಾಷೆ ಸಾಕು ಕಣೋ."

ನಾನಿದ್ದೇನೆಂಬ ಧೈರ್ಯದಲ್ಲಿ ನಮ್ಮ ಮನೆಯಲ್ಲಿ ಬೇರೆ ಯಾರೂ ಏನನ್ನೂ ನೆನಪಿಟ್ಟುಕೊಂಡವರಲ್ಲ. ನೀನೂ ಹಾಗೇ ನಂಬಿದೆ. ಆದರೆ ರೋಗಿಯ ಜೊತೆಗಿರುವವರು ಮಲಗಬಾರದೆಂದು ನಿಯಮ ಮಾಡಿದ ಮಹಾಶಯರು ನನಗೆ ಕೊಟ್ಟದ್ದು ಒಂದು ಸ್ಟೂಲು. ಮೂರನೆಯ ದಿನಕ್ಕೆ ಕಣ್ಣು ತೆರೆದೇ ನಿದ್ದೆ ಹೋಗುತ್ತಿದ್ದೆ. ನಿನ್ನ ಪಕ್ಕದ ಯಂತ್ರ ಕಿರುಚಿ ನಾನು ಬೆಚ್ಚಿ ಎದ್ದ ಗಳಿಗೆ ಮಾತ್ರ ಕಲ್ಲಿನಲ್ಲಿ ಕೊರೆದಂತಿದೆ. ಓಡಿಬಂದ ನರ್ಸಿನ ತೋಳಿನ ಶಾಯಿ ಕಲೆ ಈಗಲೂ ಕಾಣುತ್ತದೆ. ಅದಕ್ಕೆ ಮೊದಲು ನೀನು ಆಡಿದ್ದು ನೀರ ಮೇಲಿನ ಬರಹ. ಹೆದರಿದ ಮೈ ಬಿಗಿಯಾಗಿ ಹಿಡಿದಿಡುತ್ತದೆ, ನಿದ್ದೆಗೆಟ್ಟ ಮೈ ಕೈಬಿಡುತ್ತದೆ ಎಂದು ಓದಿದ್ದನ್ನೆಲ್ಲ ಅಕ್ಕನಿಗೆ ವಿವರಿಸಿದೆ.

"ಪುಸ್ತಕದಲ್ಲಿರೋದೆಲ್ಲ ನೆನಪಿದೆಯಲ್ಲ ನಿನಗೆ," ಎಂದವಳು ನೀರೂ ಮುಟ್ಟದೆ ಹೊರಟುಹೋದಳು.

ಆಗಿನಿಂದ ಬಾಗಿಲಿಗೂ ಕಿಟಕಿಗೂ ಅಲೆಯುತ್ತಿದ್ದೇನೆ. ನಿನ್ನ ತುಟಿ ಅಲುಗುವುದು ಕಾಣುತ್ತದೆ. "ಅವಳಿಗೆ ಹೇಳು" ಎಂಬಲ್ಲಿಗೆ ದನಿ ನಿಂತುಬಿಡುತ್ತದೆ.

ಅಮ್ಮಾ, ಇಲ್ಲಿ ಮಂಚವಿದೆ, ಮಲಗಬೇಡ ಎನ್ನುವವರಿಲ್ಲ. ನಿದ್ದೆ ಮಾಡಿ ಎದ್ದು, ಹೊಟ್ಟೆ ತುಂಬ ಉಂಡು ಕೂರುತ್ತೇನೆ. ಇನ್ನೊಂದು ಸಲ ಹೇಳು.